ಇರುವೆ ಬಾರದ ಕೋಣೆ

ಗಂಜಿ ಹಾಕಿದ ಕಾಟನ್ ಸೀರೆಯಲ್ಲೇ ನೆಲದ ಮೇಲೆ ಬೋರಲು ಮಲಗಿ, ಬಿರುಕಿನ ಪಕ್ಕ ಕೆನ್ನೆಯಿಟ್ಟು, ಒಂದು ಕಣ್ಣು ಮುಚ್ಚಿ ಊದುಬತ್ತಿಯ ಹೊಗೆ ನೋಡುತ್ತಿದ್ದರು ನಮ್ಮ ಮೇಡಂ. ಎದ್ದಾಗ ಬಲಗೆನ್ನೆಗೆ ನೆಲದ ಧೂಳು ಅಂಟಿರುತ್ತಿತ್ತು. ಅದನ್ನು ಒರೆಸಿಕೊಳ್ಳುವ ಗೊಡವೆಗೆ ಹೋಗದೆ ಹಾಗೇ ಕಟ್ಟಡದ ಮಾಲೀಕರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ, ಕೆಮಿಸ್ಟ್ರಿ ಓದಿದ್ದ ಆಲೂರಿನ ಹುಡುಗಿ ನಾನು, ಹಾಸನದ ಒಂದು ಸಣ್ಣ ಲ್ಯಾಬಿನಲ್ಲಿ ಅವರ ಕೈಕೆಳಗೆ ಸೇರಿದೆ. ವಿಷ ಬಿದ್ದ ನೆಲದಿಂದ ಮನೆಯೊಳಗೆ ಏಳುವ ಆವಿ ಅಲ್ಲಿರುವವರಿಗೆ ಎಷ್ಟು ಅಪಾಯ ಎಂದು ಅಳೆದು ಹೇಳುವುದು ನಮ್ಮ ಕೆಲಸ. "ಗಾಳಿ ಅಳೆಯಕ್ಕೂ ಸಂಬಳ ಕೊಡ್ತಾರಾ?" ಎಂದು ಅಪ್ಪ ನಕ್ಕಿದ್ದನ್ನು ಮೇಡಂಗೆ ಹೇಳಿದೆ. "ಅಳೆಯಕ್ಕೆ ಕೊಡೋರು ಕಮ್ಮಿ ಕಣೇ. ಅಳೆದಿದ್ದನ್ನ ಮುಚ್ಚಿಡಕ್ಕೆ ಕೊಡೋರೇ ಜಾಸ್ತಿ. ಹುಷಾರಾಗಿರು" ಎಂದರು.

ಹೊಂಗಡಹಳ್ಳದ ಆಚೆ ಒಂದು ಎಸ್ಟೇಟಿನವರು ನಮ್ಮನ್ನು ಕರೆಸಿದರು. ಲೈನ್ ಮನೆಗಳಲ್ಲಿದ್ದ ಕೂಲಿಯವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಶಿಶುವಿಹಾರ ಅಲ್ಲಿ ಹಳೆಯ ಔಷಧಿ ಸ್ಟೋರಿನಲ್ಲಿತ್ತು. ಕಾಫಿ ಗಿಡದ ಕಾಂಡಕೊರಕ ಹುಳಕ್ಕೆ ಬಳಿಯುವ ವಿಷವನ್ನು ವರ್ಷಗಟ್ಟಲೆ ಅಲ್ಲೇ ಕಲಸಿ, ಆಮೇಲೆ ಅದರ ಮೇಲೆ ಸಿಮೆಂಟ್ ಎಳೆದು, ಗೋಡೆಗೆ ಗಿಳಿ ನವಿಲು ಬರೆಸಿದ್ದರು. ಕಾಫಿ ಕೊಳ್ಳುವ ವಿದೇಶದವರು ಕೇಳಿದ್ದರಿಂದ ಕೋಣೆ ಸುರಕ್ಷಿತ ಎಂಬ ಕಾಗದ ಬೇಕಾಗಿತ್ತು.

ಏಪ್ರಿಲ್ ತಿಂಗಳು, ಬಾಗಿಲು ಕಿಟಕಿ ಎಲ್ಲ ತೆರೆದಿತ್ತು. ನಮ್ಮ ಉಪಕರಣಕ್ಕೆ ಹೆಚ್ಚೇನೂ ಸಿಗಲಿಲ್ಲ. ನೆಲದ ಬಿರುಕಿನಿಂದ ಆವಿ ಏಳುತ್ತಿದ್ದರೆ ವಾಲಬೇಕಿದ್ದ ಊದುಬತ್ತಿಯ ಹೊಗೆಯೂ ನೆಟ್ಟಗೆ ಮೇಲೇರಿತು. ಮಾಲೀಕರು ಖುಷಿಯಾದರು. ಅಷ್ಟರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಹೆಮ್ಮೆಯಿಂದ ಹೇಳಿದಳು: "ಒಂದ್ ಇರುವೆ ಬರಕಿಲ್ಲ ಕಣ್ರವ್ವಾ ಇಲ್ಲಿ. ಬೆಲ್ಲ ಚೆಲ್ಲಿದ್ರೂ ಬರಕಿಲ್ಲ. ಅಂಗೆ ಮಡಗಿವ್ನಿ."

ಮೇಡಂ ನಗಲಿಲ್ಲ. ಬೆಲ್ಲ ತರಿಸಿ ಒಂದು ಚೂರನ್ನು ಮೂಲೆಯಲ್ಲಿ, ಇನ್ನೊಂದನ್ನು ಹೊರಗಿನ ಮೆಟ್ಟಿಲ ಮೇಲೆ ಇಟ್ಟರು. ಊಟ ಮುಗಿಸಿ ಬರುವಷ್ಟರಲ್ಲಿ ಮೆಟ್ಟಿಲಿನ ಬೆಲ್ಲಕ್ಕೆ ಇರುವೆ ಮುತ್ತಿತ್ತು. ಒಳಗಿನದು ಇಟ್ಟ ಹಾಗೇ ಇತ್ತು.

"ಮಳೆಗಾಲದಲ್ಲಿ ಮಕ್ಕಳನ್ನ ಹೆಂಗೆ ಬೆಚ್ಚಗಿಡ್ತೀಯವ್ವಾ?" ಎಂದು ಆಯಾಳನ್ನು ಕೇಳಿದರು.

"ಬಾಗ್ಲು ಹಾಕ್ಕಂಡು ಮೂಲೆ ಒಲೆ ಉರಿಸ್ತೀವಿ. ಆವಾಗ ಒಸಿ ಔಷ್ದಿ ವಾಸ್ನೆ ಬತ್ತದೆ. ಹುಳ ಸಾಯ್ತವೆ, ಒಳ್ಳೇದೇ ಅಲ್ವಾ?"

ಮೇಡಂ ಮಾಲೀಕರ ಕಡೆ ತಿರುಗಿದರು. "ಮಳೆಗಾಲದ ಮಕ್ಕಳಿಗೆ ಬೇಸಿಗೆ ಕಾಗದ ಕೊಡಕ್ಕಾಗಲ್ಲ. ಜುಲೈನಲ್ಲಿ ಬರ್ತೀನಿ. ಅಲ್ಲೀವರೆಗೂ ಇಲ್ಲಿ ಮಕ್ಕಳು ಬೇಡ."

ಮಾಲೀಕರ ದೂರು ನಮಗಿಂತ ಮೊದಲೇ ಹಾಸನ ತಲುಪಿತ್ತು. ಕಾಗದಕ್ಕೆ ಸಹಿ ಹಾಕಿ, ಇಲ್ಲವೇ ಕೆಲಸ ಬಿಡಿ ಎಂದರು ಲ್ಯಾಬಿನ ಯಜಮಾನರು. "ಬಿಡ್ತೀನಿ ಸಾರ್, ಜುಲೈ ಮುಗೀಲಿ" ಎಂದು ಮೇಡಂ ಎದ್ದು ಬಂದರು. ಕ್ಯಾಂಟೀನಿನಲ್ಲಿ ನನಗೆ ಕಾಫಿಯೂ ಸೇರಲಿಲ್ಲ, ಅವರು ಎರಡು ಮಸಾಲೆ ದೋಸೆ ತಿಂದರು.

ಜುಲೈನಲ್ಲಿ ಹೋದಾಗ ಮಕ್ಕಳು ಅದೇ ಕೋಣೆಯಲ್ಲಿದ್ದವು. ಮೇಡಂ ಯಾರನ್ನೂ ಕೇಳಲಿಲ್ಲ. ಒಂದೊಂದೇ ಮಗುವಿಗೆ ಕಂಬಳಿ ಹೊದಿಸಿ, ಸುರಿಯುವ ಮಳೆಯಲ್ಲಿ ಎತ್ತಿಕೊಂಡು ಹೋಗಿ ಮಾಲೀಕರ ಬಂಗಲೆಯ ಜಗಲಿಯಲ್ಲಿ ಕೂರಿಸಿದರು. ನಾನೂ ಆಯಾಳೂ ಉಳಿದವನ್ನು ಹೊತ್ತು ಹಿಂದೆಯೇ ಹೋದೆವು. ಆಮೇಲೆ ಸ್ಟೋರಿನ ಬಾಗಿಲು ಹಾಕಿ, ಒಲೆ ಉರಿಸಿ, ಬಿರುಕಿನ ಪಕ್ಕ ಊದುಬತ್ತಿ ಹಚ್ಚಿ ಮಲಗಿದರು.

ಮಾಲೀಕರು ಕೆಂಡವಾಗಿ ಬಂದರು. "ಏನ್ರೀ ಇದು? ಪೂಜೆ ನಡೀತೈತಾ ಇಲ್ಲಿ?"

"ಹೂಂ, ಕೂತ್ಕೊಳ್ಳಿ. ಮಂಗಳಾರತಿ ನಿಮಗೇ ಐತೆ."

ಹೊಗೆ ಈಗ ನೆಟ್ಟಗಿರಲಿಲ್ಲ. ಬಿರುಕಿನಿಂದ ಯಾರೋ ಊದಿದಂತೆ ಆಚೆ ವಾಲಿತ್ತು. ಮಳೆಗೆ ಹೊರಗಿನ ನೆಲ ನೆನೆದು ಮುಚ್ಚಿಹೋದರೆ ಮಣ್ಣಿನೊಳಗಿನ ಆವಿಗೆ ಈ ಕೋಣೆಯ ಒಣ ನೆಲವೇ ದಾರಿ, ಒಲೆಯ ಬಿಸಿ ಅದನ್ನು ಮೇಲಕ್ಕೆಳೆಯುತ್ತದೆ ಎಂದು ಮೇಡಂ ಮಲಗಿದಲ್ಲಿಂದಲೇ ವಿವರಿಸಿದರು. ಮಾಲೀಕರು ಹಟಕ್ಕೆ ಕೂತರು. ಸ್ವಲ್ಪ ಹೊತ್ತಿಗೆ ಕರ್ಚೀಫು ಮೂಗಿಗೆ ಹೋಯಿತು, ಆಮೇಲೆ ಎದ್ದೇ ಬಿಟ್ಟರು.

"ನೀವು ಎದ್ದು ಹೋಗಬೌದು. ಆ ಮಕ್ಕಳು ತೊಟ್ಟಿಲಲ್ಲಿರೋವು" ಎಂದರು ಮೇಡಂ.

ಗಾಳಿಯ ಪರೀಕ್ಷೆಯೂ ಅದನ್ನೇ ಹೇಳಿತು. ಮಕ್ಕಳು ಮತ್ತೆ ಆ ಕೋಣೆಗೆ ಹೋಗಲಿಲ್ಲ. ಮೇಡಂ ಕೂಡ ಮತ್ತೆ ಆ ಲ್ಯಾಬಿಗೆ ಹೋಗಲಿಲ್ಲ. ಸಕಲೇಶಪುರದಲ್ಲಿ ಒಂದು ರೂಮು ಹಿಡಿದು ಸ್ವಂತ ಕೆಲಸ ಶುರು ಮಾಡಿದರು. ಅಪ್ಪನ ಬೈಗುಳ ಕೇಳಿಕೊಂಡು ನಾನೂ ಅವರ ಹಿಂದೆ ಹೋದೆ. ಜೀವನದಲ್ಲಿ ಮಾಡಿದ ಬುದ್ಧಿವಂತ ಕೆಲಸ ಅದೊಂದೇ.

ಅವರು ತೀರಿಕೊಂಡ ಮೇಲೆ ಮನೆಗೆ ಹೋದಾಗ ಅಡುಗೆಮನೆಯ ಬೆಲ್ಲದ ಡಬ್ಬಿಗೆ ಇರುವೆ ಸಾಲುಗಟ್ಟಿತ್ತು. ಯಾರೋ ಇರುವೆ ಪುಡಿ ಹಾಕಲು ಬಂದರು. ಕೈ ಹಿಡಿದು ತಡೆದೆ, ಅಲ್ಲೇ ಕೂತು ಅತ್ತೆ.

ಈಗ ಯಾವ ಕಟ್ಟಡಕ್ಕೆ ಕರೆದರೂ ಉಪಕರಣ ಬಿಚ್ಚುವ ಮೊದಲು ಮೂಲೆಯಲ್ಲಿ ಬೆಲ್ಲದ ಚೂರು ಇಡುತ್ತೇನೆ. ಮೊನ್ನೆ ಒಬ್ಬ ಮಾಲೀಕ ವಾಚು ನೋಡಿಕೊಂಡು, "ಬಿಸಿಲಿರುವಾಗಲೇ ಮುಗಿಸಿಬಿಡಿ ಮೇಡಂ" ಎಂದ.

"ಮಳೆ ಬರ್ಲಿ" ಎಂದೆ.