ಹಿಂದಿನ ಸೀಟಿನ ಅಳತೆ

ನನಗೆ ಹೊಟ್ಟೆಕಿಚ್ಚು. ಅದನ್ನು ಮುಚ್ಚಿಟ್ಟುಕೊಂಡು ಮಾತು ಶುರು ಮಾಡುವವಳಲ್ಲ ನಾನು. ಎದುರುಮನೆಯವಳ ಒಡವೆ ಕಂಡೋ, ನಾದಿನಿಯ ಹೊಸ ಮನೆ ಕಂಡೋ ಹೊಟ್ಟೆ ಉರಿದಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಂಡು ಹಗುರಾಗಬಹುದಿತ್ತು. ನನಗೆ ಉರಿದದ್ದು ಒಂದು ಮೋಟಾರ್‌ಸೈಕಲ್ಲಿನ ಮೇಲೆ. ಅದೂ ಎಂಥದ್ದು? ಮೈತುಂಬ ತುಕ್ಕು, ಚಕ್ರದಲ್ಲಿ ಗಾಳಿಯಿಲ್ಲ, ಹೆಡ್‌ಲೈಟು ಇರಬೇಕಾದ ಕಡೆ ಒಂದು ತೂತು. ಅಂಥ ಮುದಿ ಗಾಡಿಯ ಮೇಲೆ.

"ಅಮ್ಮಾ, ನಿಂಗೊಬ್ಳು ಸವತಿ ಬಂದ್ಲು ನೋಡು" ಎಂದು ಮಗಳು ಮೊದಲ ದಿನವೇ ನಕ್ಕಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಮನೆಗೆ ಬಂದವಳು ನನ್ನನ್ನು ರೇಗಿಸದೆ ಕಾಲು ತೊಳೆಯುವುದಿಲ್ಲ. ಆವತ್ತು ನಾನೂ ನಕ್ಕೆ. ಆಮೇಲಾಮೇಲೆ ನಗು ಬರಲಿಲ್ಲ.

ಮೊದಲು ನಮ್ಮ ಮನೆಯವರ ವಿಷಯ ಹೇಳಬೇಕು. ಲಾರಿಗಳನ್ನು ತೂಗುವ ಜಾಗದಲ್ಲಿ ಇವರಿಗೆ ಕೆಲಸ. ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ, ಇವರು ಗಾಜಿನ ಕಿಟಕಿಯ ಹಿಂದೆ ಕೂತು ಎಷ್ಟು ತೋರಿಸಿತೋ ಅಷ್ಟನ್ನು ಕೂಗುತ್ತಾರೆ. "ಸ್ವಲ್ಪ ಆಚೀಚೆ ಮಾಡಿ ಯಜಮಾನ್ರೇ" ಎಂದು ಡ್ರೈವರುಗಳು ಹಲ್ಲು ಗಿಂಜಿದರೆ ಕಿವುಡರ ಹಾಗೆ ಕೂರುತ್ತಾರೆ. ಬೀದಿಯವರು ಇವರಿಗೆ ಇಟ್ಟ ಹೆಸರು ತಕ್ಕಡಿ. ಮನೆಯಲ್ಲೂ ಇವರು ತಕ್ಕಡಿಯೇ. ಸಿಟ್ಟಿನಲ್ಲಿ ಹೇಳಿದ ಮಾತಿಗೂ ತಣ್ಣಗೆ ಹೇಳಿದ ಮಾತಿಗೂ ಇವರಲ್ಲಿ ಒಂದೇ ತೂಕ. ಒಂದು ಸಲ ನನಗೆಂದು ಕೈಚೀಲ ತಂದಿದ್ದರು, ಬಣ್ಣ ನೋಡಿದರೆ ಕೆಸರು. "ಇನ್ಮೇಲೆ ನಂಗೇನೂ ತರ್ಬೇಡಿ" ಅಂದೆ. ಯಾವ ಹೆಂಡತಿ ಅನ್ನುವುದಿಲ್ಲ ಹೇಳಿ? "ಆಯ್ತು" ಅಂದರು. ಮಗಳು ಆಗಿನ್ನೂ ತೊಟ್ಟಿಲಲ್ಲಿದ್ದಳು. ಇವತ್ತಿನವರೆಗೆ ನನಗಾಗಿ ಒಂದು ಹೇರ್‌ಪಿನ್ನು ಬಂದಿಲ್ಲ.

ಬರದಿದ್ದರೆ ಬೇಡ, ನನ್ನ ಕೈಯಲ್ಲೂ ಕೆಲಸವಿದೆ. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿ ನನ್ನ ಕಾಲು ಮೆಷಿನ್ ಇದೆ. ಪರದೆ, ದಿಂಬಿನ ಗವಸು, ಶಾಲೆ ಮಕ್ಕಳ ಬಟ್ಟೆ, ಎಲ್ಲ ಹೊಲಿಯುತ್ತೇನೆ. ಮೆಷಿನ್ನಿನ ಎರಡು ಕಬ್ಬಿಣದ ಕಾಲುಗಳನ್ನು ಹಿಡಿದಿಡುವ ಅಡ್ಡಪಟ್ಟಿ ಮುರಿದು ಎಷ್ಟೋ ಕಾಲವಾಗಿತ್ತು. ಜೋರಾಗಿ ತುಳಿದರೆ ಇಡೀ ಮೆಷಿನ್ ಚಳಿ ಬಂದವರ ಹಾಗೆ ನಡುಗುತ್ತಿತ್ತು. "ರೀ, ಇದನ್ನೊಂದು ನೋಡಿ" ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು.

ಆ ಗಾಡಿ ಇವರ ಕಣ್ಣಿಗೆ ಬಿದ್ದದ್ದೂ ತೂಕದ ಹಾಸಿನ ಮೇಲೆಯೇ. ಗುಜರಿ ತುಂಬಿದ ಲಾರಿ ತೂಕಕ್ಕೆ ಬಂದಿತ್ತು, ಮೇಲೆ ಇದು ಮಲಗಿತ್ತು. ಮದುವೆಯಾದ ಹೊಸದರಲ್ಲಿ ನಾವಿಬ್ಬರು ಓಡಾಡಿದ್ದು ನಮ್ಮ ಭಾವನವರ ಮೋಟಾರ್‌ಸೈಕಲ್ಲಿನಲ್ಲಿ. ಇದು ಅದೇ ಜಾತಿ, ಅದೇ ಉಬ್ಬು ಟ್ಯಾಂಕು. ಆಗ ಒಂದು ತಿರುವಿನಲ್ಲಿ ಮರಳ ಮೇಲೆ ಜಾರಿ ಬಿದ್ದೆವು. ನನ್ನ ಮೊಣಕೈ ತರಚಿತು, ನಡುರಸ್ತೆಯಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಅಲ್ಲಿಂದೀಚೆಗೆ ಇವರು ಅದನ್ನು ಮುಟ್ಟಲಿಲ್ಲ. ಇವರಿಗೆ ಸೈಕಲ್ಲು, ಇಬ್ಬರೂ ಹೊರಟರೆ ಬಸ್ಸು. ಈಗ ಗುಜರಿಯವನ ಹಿಂದೆ ಬಿದ್ದು, ಹಳೇ ಕಬ್ಬಿಣದ ತೂಕಕ್ಕೆ ಅದನ್ನು ಇಳಿಸಿಕೊಂಡರು. ತೂಗಿದವರೂ ಇವರೇ. ನನ್ನ ಗಂಡನ ಜಾಗದಲ್ಲಿ ಬೇರೆಯವನಿದ್ದಿದ್ದರೆ ಒಂದು ಕೆ.ಜಿ.ಯಾದರೂ ಕಡಿಮೆ ತೋರಿಸಿಕೊಳ್ಳುತ್ತಿದ್ದ ಎನ್ನಿ.

ಹಿತ್ತಲಿನ ತಗಡಿನ ಮಾಡಿನಡಿ ಕೆಲಸ ಶುರುವಾಯಿತು. ಮೆಕ್ಯಾನಿಕ್ಕಿಗೆ ಕೊಡುವಷ್ಟು ಕಾಸಿಲ್ಲ, ಎಲ್ಲ ಇವರದೇ ಕೈ. ಲಾರಿ ಡ್ರೈವರುಗಳನ್ನು ಕೇಳಿ, ಗುಜರಿ ಕೆದಕಿ, ಒಂದು ನಟ್ಟು ಅಲ್ಲಿಂದ, ಒಂದು ಕೇಬಲ್ ಇಲ್ಲಿಂದ ತಂದರು. ಒಳ್ಳೆಯದೇ, ಗಂಡಸರಿಗೂ ಏನಾದರೂ ಬೇಕಲ್ಲ ಅಂದುಕೊಂಡೆ. ಒಂದು ಭಾನುವಾರ ಒಲೆಯ ಮೇಲೆ ಹುಳಿ ವಾಸನೆ. ನೋಡಿದರೆ ನನ್ನ ಹಾಲು ಕಾಯಿಸುವ ಪಾತ್ರೆಯಲ್ಲಿ ನಿಂಬೆರಸ ಕುದಿಯುತ್ತಿದೆ, ಅದರೊಳಗೆ ಗಾಡಿಯ ಕಾರ್ಬ್ಯುರೇಟರು ಮುಳುಗಿ ಗುಳುಗುಳು ಅನ್ನುತ್ತಿದೆ!

"ಏನ್ರೀ ಇದು ಅನಾಚಾರ?"

"ಕೊಳೆ ಬಿಡುತ್ತಂತೆ ಕಣೇ. ಬಿಡ್ತಾ ಇದೆ ನೋಡು, ಹೆಂಗೆ ಹೊಳೀತಿದೆ" ಎಂದು ಇಕ್ಕಳದಲ್ಲಿ ಎತ್ತಿ ತೋರಿಸಿದರು. ಆ ಮುಖದಲ್ಲಿದ್ದ ಬೆಳಕು ನೋಡಬೇಕಿತ್ತು ನೀವು. ಮೂವತ್ತು ವರ್ಷ ದಾಟಿದ ಸಂಸಾರದಲ್ಲಿ ನನ್ನನ್ನು ಹಾಗೆ ಎತ್ತಿ ನೋಡಿದ್ದು ನನಗೆ ನೆನಪಿಲ್ಲ. ಪಾತ್ರೆಯನ್ನು ಅವರಿಗೇ ಕೊಟ್ಟುಬಿಟ್ಟೆ.

ಅದಾದ ಮೇಲೆ ಟ್ಯಾಂಕು. ಒಳಗಿನ ತುಕ್ಕು ಉದುರಲು ಸಣ್ಣ ಜಲ್ಲಿ, ಹಳೇ ನಟ್ಟುಗಳನ್ನು ತುಂಬಿ, ಬಾಯಿ ಕಟ್ಟಿ, ನನ್ನ ಹಳೇ ಕಂಬಳಿಯಲ್ಲಿ ಸುತ್ತಿ ಎದೆಗೊತ್ತಿಕೊಂಡು ತೂಗುವುದು. ಸಂಜೆ ಬಂದವರು ಊಟದ ತನಕ ಹಿತ್ತಲಲ್ಲಿ ಅತ್ತಿಂದಿತ್ತ ಓಡಾಡುತ್ತಾ ಅದನ್ನು ತೂಗುತ್ತಿದ್ದರು. ಮಗಳು ಹುಟ್ಟಿದಾಗ "ನಂಗೆ ಎತ್ಕೊಳೋಕೆ ಭಯ" ಎಂದು ದೂರ ನಿಂತಿದ್ದ ಮಹಾನುಭಾವ! ನನ್ನ ಮೈಯೆಲ್ಲ ಉರಿದುಹೋಯಿತು.

"ಹಾಲು ಬೇಕಾ ಅದಕ್ಕೆ?" ಅಂದೆ.

"ಬೇಡ, ಸೀಮೆಎಣ್ಣೇಲಿ ಒಂದ್ಸಲ ತೊಳೆದ್ರೆ ಸಾಕು" ಅಂದರು, ಬಹಳ ಗಂಭೀರವಾಗಿ. ಇಂಥವರ ಹತ್ತಿರ ಜಗಳವಾಡುವುದಾದರೂ ಹೇಗೆ?

ದಿನ ಕಳೆದಂತೆ ಮುದುಕಿ ಮೈ ತುಂಬಿಕೊಂಡಳು. ಹೌದು, ನಾನೂ ಅವಳು ಎನ್ನಲು ಶುರು ಮಾಡಿದ್ದೆ. ಕಡುಹಸಿರು ಬಣ್ಣ ಬಂತು, ಹಿಡಿಕೆ ಕೆಳಗಿಳಿಯಿತು, ಬೇರೆ ಯಾವುದೋ ಗಾಡಿಯ ದುಂಡು ಹೆಡ್‌ಲೈಟು ಬಂದು ಕೂತಿತು. ಬೀದಿಯ ಗಂಡಸರು ನಮ್ಮ ಹಿತ್ತಲಿಗೆ ಸಾಲುಗಟ್ಟಿದರು. ಎದುರುಮನೆಯವಳೂ ಬಂದು, "ಅಕ್ಕಾ, ನಿಮ್ಮೆಜಮಾನ್ರ ಕೈಯಲ್ಲಿ ಏನೋ ಇದೆ ಕಣ್ರೀ. ನೀವು ಪುಣ್ಯ ಮಾಡಿದ್ರಿ" ಅಂದಳು. ಪುಣ್ಯವಂತೆ ಪುಣ್ಯ! ಆ ಕೈಯಲ್ಲಿ ಏನಿದ್ದರೂ ಅದೆಲ್ಲ ತಗಡಿನ ಮಾಡಿನಡಿ ಸುರಿದುಹೋಗುತ್ತಿತ್ತು. ಅವಳಿಗೆ ನೀರು ಕೊಟ್ಟು ಕಳಿಸಿದೆ, ಕೂರು ಎನ್ನಲಿಲ್ಲ.

ಆ ನಡುವೆ ಒಂದು ದಿನ ನಾನು ಮಾರ್ಕೆಟ್ಟಿನಿಂದ ಬರುವಷ್ಟರಲ್ಲಿ ಮೆಷಿನ್ನಿನ ಕಾಲಿಗೆ ಅಡ್ಡ ಪೈಪು ಬಂದಿತ್ತು. ಹೇರ್‌ಪಿನ್ನಿನ ಹಾಗೆ ಬಾಗಿದ ದಪ್ಪ ಪೈಪು, ಎರಡು ತುದಿ ಒಂದು ಕಾಲಿಗೆ, ಬಾಗಿದ ಕಡೆ ಇನ್ನೊಂದು ಕಾಲಿಗೆ, ಕ್ಲ್ಯಾಂಪು ಹಾಕಿ ಬಿಗಿದಿದ್ದರು. ತುಳಿದು ನೋಡಿದೆ. ಬಂಡೆ! ಒಂದು ಗಳಿಗೆ ಮನಸ್ಸು ತಣ್ಣಗಾಯಿತು. ಆದರೆ ಪೈಪಿನ ಒಂದು ಮೂಲೆಯಲ್ಲಿ ಕಡುಹಸಿರು ಬಣ್ಣದ ಚುಕ್ಕೆ ಕಂಡಿತು.

"ಓಹೋ, ಅವಳಿಗೆ ಬೇಡವಾಗಿದ್ದು ನನಗೋ?" ಅಂದೆ.

"ಹೂಂ, ಅದು ಇನ್ನು ಬೇಕಾಗಲ್ಲ" ಅಂದರು. ನೋಡಿದಿರಾ? ಸುಳ್ಳಿಗಾದರೂ ನಿನಗೋಸ್ಕರ ತಂದೆ ಅನ್ನಬಾರದೆ?

ಇಷ್ಟೆಲ್ಲ ನುಂಗಿಕೊಂಡದ್ದು ಒಂದೇ ಆಸೆಯಿಂದ. ಕೆಲಸ ಮುಗಿದ ದಿನ ಇವರು ಬಾಗಿಲಲ್ಲಿ ನಿಂತು "ಬಾರೇ, ಕೂತ್ಕೋ" ಅನ್ನಬೇಕು. ಅಷ್ಟೇ. ಎದುರುಮನೆಯವಳ ಕಣ್ಣೆದುರು ನಾನು ಇವರ ಹಿಂದೆ ಕೂತು ಹೋಗಬೇಕು. ಹಾಲಿನ ಪಾತ್ರೆ, ಕಂಬಳಿ, ಭಾನುವಾರಗಳು, ಎಲ್ಲ ಅಲ್ಲಿಗೆ ಚುಕ್ತಾ. ಬಾಯಿಬಿಟ್ಟು ಕೇಳಲಿಲ್ಲ, ನಿಜ. ಕೇಳಿಕೊಂಡು ಕೂರುವುದರಲ್ಲಿ ಏನು ಮಜವಿದೆ?

ಕಡೆಗೆ ಉಳಿದದ್ದು ಸೀಟು. ಕುಶನ್ ಅಂಗಡಿಯವನು ಹೇಳಿದ ರೇಟಿಗೆ ಇವರ ಮುಖ ಸಣ್ಣಗಾಯಿತು. ಅವನ ಹತ್ತಿರ ಉಳಿದಿದ್ದ ಕಂದು ರೆಕ್ಸಿನ್ನಿನ ಒಂದು ತುಂಡನ್ನು ಚೌಕಾಸಿ ಮಾಡಿ ತಂದು ನನ್ನ ಮೆಷಿನ್ನಿನ ಮೇಲಿಟ್ಟರು. "ಇದಕ್ಕೊಂದು ಕವರ್ ಹೊಲ್ಕೊಡೇ. ಹುಷಾರು, ಇಷ್ಟೇ ಇರೋದು, ಮತ್ತೆ ಇದೇ ಬಣ್ಣ ಸಿಗಲ್ಲ." ನನಗೆ ಒಳಗೊಳಗೆ ಹಿಗ್ಗು. ಅಂತೂ ನನ್ನ ಕೈಯೂ ಬೇಕಾಯಿತಲ್ಲ!

"ಅಳತೆ ಕೊಡಿ" ಅಂದೆ. ಎರಡೂ ಅಂಗೈ ಎದುರುಬದುರು ಹಿಡಿದು ತೋರಿಸಿದರು. ನಾನು ಕಾದೆ, ಕೈ ಅಗಲವಾಗಲಿಲ್ಲ.

"ಇಷ್ಟೇನಾ?"

"ಇಷ್ಟೇ. ಒಬ್ರು ಕೂರೋದಕ್ಕೆ."

ಮುಂದೆ ಹೇಳಿದ್ದು ನನ್ನ ಕಿವಿಗೆ ಅರ್ಧಂಬರ್ಧ ಬಿತ್ತು. ಹಿಂದಿನ ಭಾಗ ಮೋಟಾಗಿದ್ದರೆ ಚೆಂದ, ಈಗೆಲ್ಲ ಹಾಗೇ ಮಾಡಿಸುತ್ತಾರೆ ಎಂದು ಏನೇನೋ ಹೇಳಿ ಡ್ಯೂಟಿಗೆ ಹೋದರು. ನಾನು ರೆಕ್ಸಿನ್ ಹಿಡಿದುಕೊಂಡು ಹಾಗೇ ಕೂತೆ. ನನ್ನ ಕೈಯಿಂದಲೇ, ನನಗೆ ಜಾಗವಿಲ್ಲದ ಸೀಟು ಹೊಲಿಸುತ್ತಾರೆ! ಅಳು ಬಂತು. ಅತ್ತುಬಿಟ್ಟೆ. ಮೂಗು ಒರೆಸಿಕೊಂಡು ಹಿತ್ತಲಿಗೆ ಹೋಗಿ, ಗಾಡಿಯ ಜೊತೆ ಬಂದಿದ್ದ ಹರಕು ಸೀಟಿನ ಉದ್ದನೆಯ ಹಳೇ ಕವರನ್ನು ಮೂಲೆಯಿಂದ ಎಳೆದು ತಂದೆ. ಇಬ್ಬರ ಸೀಟು. ರೆಕ್ಸಿನ್ನಿನ ಮೇಲೆ ಅದನ್ನು ಹಾಸಿ, ಸುತ್ತ ಗೆರೆ ಎಳೆದು, ಯೋಚನೆ ಮಾಡಲು ಬಿಡುವು ಕೊಡದೆ ಕತ್ತರಿಸಿಬಿಟ್ಟೆ. ತುಂಡು ಸರಿಯಾಗಿ ಸಾಲಿತು. ದಪ್ಪ ರೆಕ್ಸಿನ್ನಿಗೆ ಸೂಜಿ ಮುರಿಯಿತು, ಬೇರೆ ಹಾಕಿದೆ. ಹೊಸ ಪೈಪು ಗಟ್ಟಿಯಾಗಿ ಹಿಡಿದಿತ್ತು, ಎಷ್ಟು ಸಿಟ್ಟಿನಲ್ಲಿ ತುಳಿದರೂ ಮೆಷಿನ್ ಅಲ್ಲಾಡಲಿಲ್ಲ.

ಸಂಜೆ ಇವರು ಕವರನ್ನು ಬಿಡಿಸಿ ಹಿಡಿದರು. ಬಿಡಿಸಿದಷ್ಟೂ ಬಂತು.

"ಅಳತೆ ತಪ್ಪಿದೆ ಕಣೇ."

"ತಪ್ಪಿಲ್ಲ."

"ಇದು ಇಬ್ರಿಗಾಗೋಷ್ಟಿದೆ."

"ಇಬ್ರಿಗೇ ಹೊಲ್ದಿರೋದು!" ನನ್ನ ದನಿ ಬೀದಿಗೆ ಕೇಳಿಸಿರಬೇಕು. "ನನ್ನ ಪಾತ್ರೆ ಬೇಕು, ನನ್ನ ಕಂಬಳಿ ಬೇಕು, ನನ್ನ ಹೊಲಿಗೆ ಬೇಕು. ನಾನು ಬೇಡ! ಆ ಕಬ್ಬಿಣಾನ ತಬ್ಕೊಂಡು ತೂಗ್ತೀರಲ್ಲ, ನಾಚ್ಕೆ ಆಗಲ್ವಾ? ನಂಗೆ ಹೊಟ್ಟೆಕಿಚ್ಚು ಕಣ್ರೀ, ಹೊಟ್ಟೆಕಿಚ್ಚು! ನಾನೆಲ್ಲಿ ಕೂತ್ಕೋಬೇಕು ಹೇಳಿ!"

ಮಗಳು ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು. ಇವರು ನನ್ನನ್ನು ನೋಡಿದರು. ಸಿಟ್ಟಿಲ್ಲ, ಬೇಜಾರಿಲ್ಲ, ನಿಜವಾಗಿಯೂ ಅರ್ಥವಾಗದವರ ಮುಖ.

"ನೀನೇ ಹೇಳಿದ್ದೆ ಅಲ್ವಾ" ಅಂದರು. "ಮರಳ ಮೇಲೆ ಬಿದ್ದಾಗ. 'ಈ ಜನ್ಮದಲ್ಲಿ ನಿಮ್ಮ ಹಿಂದೆ ಕೂತ್ರೆ ಕೇಳಿ' ಅಂದೆ. ಅದಕ್ಕೇ ಆಗ ಅಣ್ಣನಿಗೆ ಗಾಡಿ ವಾಪಸ್ ಕೊಟ್ಟೆ. ನೀನು ಕೂರಲ್ಲ ಅಂದ್ಮೇಲೆ ಹಿಂದೆ ಸೀಟಿಟ್ಟು ಬೇರೆ ಯಾರನ್ನ ಕೂರಿಸ್ಲಿ?"

ಹಾಗಂದಿದ್ದೆನೋ ಏನೋ, ನನಗೆ ನೆನಪೇ ಇರಲಿಲ್ಲ. ಇವರು ಇಷ್ಟು ವರ್ಷ ಆ ಮಾತನ್ನು ತೂಗಿ ಇಟ್ಟುಕೊಂಡು ಸೈಕಲ್ ತುಳಿದಿದ್ದರು.

"ಈಗ ಏನ್ ಮಾಡೋದು?" ಎಂದು ಮಗಳೇ ಕೇಳಿದಳು. "ರೆಕ್ಸಿನ್ ಕಟ್ ಆಯ್ತು. ದೊಡ್ಡ ಸೀಟೇ ಮಾಡಿ ಅಪ್ಪಾ."

"ಹೆಂಗಮ್ಮಾ? ಹಿಂದಿನ ಸೀಟು ಕೂರೋ ಪೈಪನ್ನೇ ಕುಯ್ದುಬಿಟ್ಟೆ."

"ಆ ಪೈಪ್ ಎಲ್ಲಿ?"

ಇವರು ಮೆಷಿನ್ನಿನ ಮುಂದೆ ಕೂತಿದ್ದ ನನ್ನ ಕಾಲಿನ ಕಡೆ ನೋಡಿದರು. ನಾನೂ ನೋಡಿದೆ. ಬಟನ್ ಹಚ್ಚುವಾಗ, ಕಾಜ ಮಾಡುವಾಗ ನಾನು ಎರಡೂ ಪಾದ ಊರಿ ಕೂರುತ್ತಿದ್ದ ಆ ಬಾಗಿದ ಪೈಪು. ನನ್ನ ಜಾಗ ಇಷ್ಟು ದಿನ ನನ್ನ ಕಾಲ ಕೆಳಗೇ ಇತ್ತು.

"ಸ್ಪ್ಯಾನರ್ ಕೊಡಿ" ಅಂದೆ.

"ಬೇಡ್ವೇ, ಮೆಷಿನ್ ಮತ್ತೆ ಅಲ್ಲಾಡುತ್ತೆ. ನಿನ್ನ ಕೆಲಸಕ್ಕೆ ತೊಂದರೆ."

"ಅಲ್ಲಾಡ್ಲಿ. ಕೊಡಿ ಅಂದ್ರೆ ಕೊಡಿ."

ನೆಲದ ಮೇಲೆ ಕೂತು ಮೆಷಿನ್ನಿನಡಿ ತಲೆ ತೂರಿಸಿದೆ. ಕ್ಲ್ಯಾಂಪು ಬಿಗಿಯಾಗಿತ್ತು, ಈ ಮನುಷ್ಯ ಏನು ಮಾಡಿದರೂ ಗಟ್ಟಿಯಾಗಿಯೇ ಮಾಡುತ್ತಾರೆ. ಇವರೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಪೈಪಿನ ಇನ್ನೊಂದು ತುದಿ ಹಿಡಿದುಕೊಂಡರು. ನಮ್ಮ ಸಂಸಾರದಲ್ಲಿ ಯಾವತ್ತೂ ಕೇಳದ ಮಾತೊಂದನ್ನು ಕೇಳಿದರು.

"ಕೂರ್ತೀನಿ ಅಂತ ಸಿಟ್ಟಲ್ಲಿ ಹೇಳ್ತಿದ್ದೀಯಾ, ನಿಜವಾಗ್ಲೂ ಹೇಳ್ತಿದ್ದೀಯಾ?"

ನಾನು ಮೆಷಿನ್ನಿನ ಅಡಿಯಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ಮುಖ ಕಾಣುತ್ತಿತ್ತು. "ಸಿಟ್ಟಲ್ಲೇ ಹೇಳ್ತಿದ್ದೀನಿ. ಆದ್ರೂ ನಿಜ" ಅಂದೆ.

ತೂಕದ ಕಟ್ಟೆಯ ಹತ್ತಿರದ ವೆಲ್ಡರು ಪೈಪನ್ನು ಮತ್ತೆ ಗಾಡಿಗೆ ಬೆಸೆದುಕೊಟ್ಟ. ಬೆಸುಗೆಯ ಗುರುತು ಎರಡೂ ಕಡೆ ಗಂಟಿನ ಹಾಗೆ ಎದ್ದು ಕಾಣುತ್ತದೆ. ಉಜ್ಜಿ ನುಣುಪು ಮಾಡುತ್ತೇನೆ ಎಂದರು, ನಾನು ಬಿಡಲಿಲ್ಲ, ನಾಲ್ಕು ಜನ ನೋಡಲಿ. ಮೊದಲ ಸವಾರಿಗೆ ಮಗಳು ಹತ್ತಿ ಕೂತಿದ್ದಳು. ಕಿವಿ ಹಿಡಿದು ಇಳಿಸಿದೆ. ಎದುರುಮನೆಯವಳು ಬಾಗಿಲಲ್ಲೇ ಇದ್ದಳು. ಇರಲಿ ಎಂದೇ ನಾನು ಆ ಹೊತ್ತು ಆರಿಸಿದ್ದು. ಮರಳಿರುವ ತಿರುವಿನಲ್ಲಿ ಇವರು ಎಷ್ಟು ನಿಧಾನ ಮಾಡಿದರೆಂದರೆ, ನಡೆದುಹೋಗುವವರು ನಮ್ಮನ್ನು ದಾಟಿ ಹೋದರು.

ಈಗಲೂ ಇವರು ಭಾನುವಾರ ಟ್ಯಾಂಕು ಒರೆಸುವಾಗ ನನಗೆ ಉರಿಯುತ್ತದೆ. ಮೆಷಿನ್ನೂ ಮೊದಲಿನ ಹಾಗೇ ನಡುಗುತ್ತದೆ, ಒಂದು ಕಾಲಿನಡಿ ರಟ್ಟು ಮಡಚಿ ಇಟ್ಟುಕೊಂಡಿದ್ದೇನೆ. "ರೀ, ಇದನ್ನೊಂದು ನೋಡಿ" ಎಂದು ಮಾತ್ರ ಮತ್ತೆ ಹೇಳಿಲ್ಲ. ಹೇಳಿದರೆ ಈ ಮನುಷ್ಯ ಆ ಪೈಪನ್ನು ಮತ್ತೆ ಕುಯ್ದು ತಂದು ರಿಪೇರಿ ಮಾಡಿಯೇಬಿಡುತ್ತಾರೆ.