ಗಾಜಿನೊಳಗೆ ಹೃದಯ ತೋರಿಸುವ ಕುಸುಮ

ಬೆಳಗಿನ ಆರೂಕಾಲು. ಪುಣೆಯ ಹಡಪಸರದ ಆಸ್ಪತ್ರೆಯೊಂದರಲ್ಲಿ ಕುಸುಮ ಹೊಸಮನಿ ಪುಸ್ತಕದಷ್ಟಗಲದ ದಪ್ಪ ಗಾಜಿನ ಪರದೆಯನ್ನು ಮೇಜಿನ ಮೇಲೆ ನಿಲ್ಲಿಸುತ್ತಿದ್ದಾರೆ. ಅದು ಸ್ಕ್ಯಾನ್ ಚಿತ್ರವನ್ನು ಮೂರು ಆಯಾಮದಲ್ಲಿ ತೋರಿಸುವ ಹೊಲೊಗ್ರಾಫಿಕ್ ಪರದೆ. ಲ್ಯಾಪ್‌ಟಾಪಿಗೆ ಎರಡು ಕೇಬಲ್ ಹೋಗಬೇಕು: ಒಂದು ಚಿತ್ರ ತರಲು, ಇನ್ನೊಂದು ಪರದೆಯ ಗುರುತನ್ನು ಲ್ಯಾಪ್‌ಟಾಪಿಗೆ ಹೇಳಲು. ಅರೆಗಳಿಗೆ ಕತ್ತಲು. ಆಮೇಲೆ ಮಗುವೊಂದರ ಹೃದಯ ಗಾಜಿನೊಳಗೆ ಮೂಡುತ್ತದೆ, ಕೈಹಾಕಿ ಎತ್ತಿಕೊಳ್ಳಬಹುದು ಎಂಬಂತೆ. ಕುಸುಮ ಎಡಬಲಕ್ಕೆ ಸರಿದು ನೋಡುತ್ತಾರೆ. ಲ್ಯಾಪ್‌ಟಾಪಿನಲ್ಲಿರುವ ರೋಗಿಯ ನಂಬರನ್ನು ಬೆರಳಿಟ್ಟು ಮೂರು ಸಲ ಓದುತ್ತಾರೆ.

"ದಿನಾ ಹಿಂಗ ರೀ. ಎದಿ ಡವಡವ ಅಂತದ. ಡಾಕ್ಟರ್ ಇದನ್ನ ನೋಡೇ ಎಲ್ಲಿ ಕೊಯ್ಯೂದಂತ ಠರಾಸ್ತಾರ."

ಕುಸುಮ ಅವರಿಗೆ ನಲವತ್ತೇಳು. ಗೋಕಾಕ ಕಡೆಯ ತಂದೆ ಪುಣೆ ಕ್ಯಾಂಪಿನ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಕುಸುಮ ಪಿಂಪ್ರಿಯ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಗಾಡಿಗಳ ಮೀಟರು ಪರೀಕ್ಷಿಸಿದರು. ಆ ವಿಭಾಗ ಮುಚ್ಚಿದ ಮೇಲೆ, ಇಂಥ ಪರದೆಗಳನ್ನು ಬಾಡಿಗೆಗೆ ಕೊಡುವ ಸಣ್ಣ ಕಂಪನಿ ಸೇರಿದರು. ಈಗ ದಿನಕ್ಕೆ ಎರಡು ಆಸ್ಪತ್ರೆ, ಹೆಗಲಿಗೆ ಆರು ಕಿಲೋ ಚೀಲ, ಜೋಡಿಸಲು ಹನ್ನೊಂದು ನಿಮಿಷ.

ಅಂಜಿಕೆಗೆ ಕಾರಣವಿದೆ. ಕಳೆದ ಆಷಾಢದ ಒಂದು ಬೆಳಿಗ್ಗೆ ಏಳು ವರ್ಷದ ಹುಡುಗಿಗೆ ಹೃದಯದ ರಂಧ್ರ ಮುಚ್ಚುವ ಶಸ್ತ್ರಚಿಕಿತ್ಸೆಯಿತ್ತು. ಲ್ಯಾಪ್‌ಟಾಪು ಪರದೆಯನ್ನು ಗುರುತಿಸಲೇ ಇಲ್ಲ. ಹೊತ್ತಾಗುತ್ತಿತ್ತು. "ಕಂಪ್ಯೂಟರ್ ಬಿಡಿ, ಹಾಗೇ ಹಚ್ಚಿ," ಎಂದರು ಶಸ್ತ್ರಚಿಕಿತ್ಸಕ ಡಾ. ಮಧುಕರ, ಮರಾಠಿಯಲ್ಲಿ. ಪರದೆ ತನ್ನ ನೆನಪಿನಲ್ಲಿರುವ ಚಿತ್ರವನ್ನು ತಾನೇ ತೋರಿಸಬಲ್ಲದು. ಕುಸುಮ ಹಚ್ಚಿದರು. ಹೃದಯ ಮೂಡಿತು. ವೈದ್ಯರೆಲ್ಲ ಬಾಗಿ ಮಾತಿಗೆ ತೊಡಗಿದರು.

ಕುಸುಮ ಮಾತ್ರ ಚಿತ್ರದತ್ತಲೇ ನೋಡುತ್ತಿದ್ದರು. ಕೆಳಗೆ ಕೊಂಕಿ ಮೇಲೇರಿದ್ದ ಆ ಸಣ್ಣ ರಕ್ತನಾಳವನ್ನು ಅವರು ಹಿಂದಿನ ಗುರುವಾರವೇ ನೋಡಿದ್ದರು. ಅದು ಬೇರೆ ಮಗುವಿನ ಹೃದಯ. ವಾರ್ಡಿನಲ್ಲಿ ತೋರಿಸಲೆಂದು ಪರದೆಗೆ ತುಂಬಿದ್ದವರೂ ಅವರೇ, ಅಳಿಸಲು ಮರೆತವರೂ ಅವರೇ. ಹೊಸ ಚಿತ್ರ ಲ್ಯಾಪ್‌ಟಾಪಿನಲ್ಲೇ ಉಳಿದಿತ್ತು.

"ಹೇಳಿದ್ರ ನೌಕರಿ ಹೋಗ್ತದ. ಮ್ಯಾಲ, ನನ್ನ ಕಣ್ಣೇ ತಪ್ಪಿದ್ರ? ನಾ ಏನು ಡಾಕ್ಟರಾ? ಬಾಗಲದಾಗ ಆ ಹುಡುಗಿ ತಾಯಿ ಕುಂತಿದ್ಲು, ಮಗಳ ಕಾಲಗೆಜ್ಜಿ ಮುಷ್ಟ್ಯಾಗ ಹಿಡಕೊಂಡು."

ಕುಸುಮ ಹೇಳಿಬಿಟ್ಟರು: ಇದು ಈ ಮಗುವಿನದಲ್ಲ, ತಪ್ಪು ನನ್ನದು. ಡಾ. ಮಧುಕರ ಪರದೆ ಆರಿಸಿದರು. "ಇಪ್ಪತ್ತು ನಿಮಿಷ," ಎಂದಷ್ಟೇ ಹೇಳಿ ಕೈಕಟ್ಟಿ ನಿಂತರು.

ಕುಸುಮ ಚೀಲ ಸುರುವಿದರು. ಗುರುತು ಹೇಳಬೇಕಿದ್ದ ಕೇಬಲ್ಲಿನ ಜಾಗದಲ್ಲಿದ್ದದ್ದು ಬರೀ ಚಾರ್ಜಿಂಗ್ ಕೇಬಲ್. ನೋಡಲು ಎರಡೂ ಒಂದೇ. ಬದಲಿಸಿದರು. ಈ ಸಲ ಮೂಡಿದ ಹೃದಯದಲ್ಲಿ ರಂಧ್ರ ಬೇರೆಯೇ ಕಡೆ ಇತ್ತು. ಹನ್ನೆರಡನೆಯ ದಿನ ಹುಡುಗಿ ಮನೆಗೆ ನಡೆದುಕೊಂಡು ಹೋದಳು.

ನೌಕರಿ ಹೋಗಲಿಲ್ಲ. ಯಾರೂ ಬೈಯಲಿಲ್ಲ, ಹೊಗಳಲೂ ಇಲ್ಲ. ಆದರೆ ಈಗ ಪರದೆಯ ಮುಂದೆ ಕೂರುವ ಮುನ್ನ ಡಾ. ಮಧುಕರ, "ಕುಸುಮತಾಯಿ, ನಂಬರ್ ನೋಡಿದ್ರಾ?" ಎಂದು ಕೇಳುತ್ತಾರೆ; ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಕುಸುಮ ಹೂಂ ಅನ್ನುವವರೆಗೆ ಯಾರೂ ಬಾಗುವುದಿಲ್ಲ.

ಇನ್ನೇನು ಬೇಕು ಎಂದು ಕೇಳಿದರೆ ಕುಸುಮ ಕೇಬಲ್ ಬಿಚ್ಚುತ್ತಲೇ ಹೇಳುತ್ತಾರೆ. "ಚಿತ್ರದ ಮೂಲ್ಯಾಗ ಕೂಸಿನ ನಂಬರ್ ದೊಡ್ಡದಾಗಿ ಕಾಣೂಹಂಗ ಮಾಡ್ರಿ ಅಂತ ಕಂಪನ್ಯಾಗ ಕೇಳೀನ್ರಿ. ಇನ್ನೂ ಮಾಡಿಲ್ಲ." ಕೇಬಲ್ ಸುತ್ತಿ ಚೀಲಕ್ಕಿಡುತ್ತಾರೆ. "ಅಲ್ಲೀತನಕ ನಾ ಇರ್ತೀನಲ್ರಿ."