ಪ್ರಾಗ್ ರೈಲಿಗೆ ಹಾಸಿದ ಟವೆಲ್

ವಿಯೆನ್ನಾದಿಂದ ಪ್ರಾಗ್‌ಗೆ ಹೋಗುವ ಟಿಕೆಟಿನಲ್ಲಿ ಬೋಗಿಯ ನಂಬರೂ ಇಲ್ಲ, ಸೀಟಿನ ನಂಬರೂ ಇಲ್ಲ. ಕೌಂಟರಿನ ಹೆಂಗಸನ್ನು ಕೇಳಿದರೆ, ಸೀಟಿಗೆ ಬೇರೆ ಟಿಕೆಟು, ಬೇಕಿದ್ದರೆ ತೆಗೆದುಕೊಳ್ಳಿ, ಇಲ್ಲವಾದರೆ ಖಾಲಿ ಇದ್ದಲ್ಲಿ ಕೂರಿ ಎಂದಳು. ಬೇಕೋ ಬೇಡವೋ ತಿಳಿಯದೆ ನಾನು ಅಲ್ಲೇ ನಿಂತೆ.

ಜೊತೆಗೆ ಬಂದಿದ್ದ, ಕಮಲಾಪುರದಲ್ಲಿ ಬಾಳೆ ಬೆಳೆಯುವ ನಮ್ಮ ಭಾವನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. "ಸಂಡೂರು ಬಸ್ಸಿಗೆ ರಿಸರ್ವೇಶನ್ ಮಾಡಸ್ತೀವೇನು? ನೀ ಬ್ಯಾಗ್ ನೋಡ್ಕೋ," ಎಂದವರೇ ರೈಲು ಹತ್ತಿ, ಕಿಟಕಿ ಪಕ್ಕದ ಸೀಟಿಗೆ ಹೆಗಲ ಮೇಲಿನ ಟವೆಲ್ ಹಾಸಿ, ಸಾಮಾನು ಹೊರಲು ಕೆಳಗಿಳಿದು ಬಂದರು.

ನಾವು ಒಳಗೆ ಹೋದಾಗ ಸೀಟು ಖಾಲಿಯೇ ಇತ್ತು, ಟವೆಲ್ ಇರಲಿಲ್ಲ. ಬೋಗಿ ಅರ್ಧಕ್ಕರ್ಧ ಖಾಲಿ. ಆದರೂ ಭಾವ ಕೂರಲಿಲ್ಲ. "ಟವೆಲ್ ತಗದಾರಂದ್ರ ಯಾರೋ ಜಗಳಕ್ಕ ಬರ್ತಾರ. ತಡಿ."

ರೈಲು ಹೊರಟ ಮೇಲೆ ಟಿಕೆಟ್ ನೋಡುವವನು ಟವೆಲ್ ಹಿಡಿದು ಬಂದ. ಯಾರೋ ಪಾಪ ಮರೆತು ಹೋಗಿದ್ದಾರೆಂದು ಒಬ್ಬ ಅಜ್ಜಿ ಅವನಿಗೆ ಕೊಟ್ಟಿದ್ದಳಂತೆ.

"ಮರತಿಲ್ಲಂತ ಹೇಳು," ಎಂದರು ಭಾವ.

ಸೀಟು ಹಿಡಿಯಲೆಂದೇ ಹಾಸಿದ್ದು ಎಂದು ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಖಾಲಿ ಸೀಟುಗಳನ್ನೊಮ್ಮೆ, ನಿಂತೇ ಇದ್ದ ನಮ್ಮನ್ನೊಮ್ಮೆ ನೋಡಿ, ಟವೆಲ್ಲನ್ನು ಅದೇ ಸೀಟಿಗೆ ನೀಟಾಗಿ ಹಾಸಿದ.

ಆಮೇಲೆ ಭಾವ ಕುಳಿತರು.